ಹಾಕಿಕೊಂಡು ನೋಡಿ ಬೇಡವೆಂದ ಟೋಪಿ

ನಮ್ಮ ತಲೆ ಸೋಕಿದರೆ ಟೋಪಿ ನಮ್ಮದು. ಹಿಡಿಸಲಿ, ಬಿಗಿಯಾಗಲಿ, ಕಿವಿಯವರೆಗೆ ಜಾರಲಿ, ದುಡ್ಡು ಕೊಟ್ಟು ತೆಗೆದುಕೊಂಡು ಹೋಗಬೇಕು. ಹ್ಯಾಸ್ಕ್ಯೂ ಅಂಗಡಿಯ ನಿಯಮ ಅದು. ಎಲ್ಲೂ ಬರೆದು ತೂಗುಹಾಕಿರಲಿಲ್ಲ. ಬರೆಯುವ ಅಗತ್ಯ ಇರಲಿಲ್ಲ. ಬಿಳಿ ಹೆಂಗಸರು ಕನ್ನಡಿ ಮುಂದೆ ಕೂತು ಒಂದೊಂದನ್ನೇ ಹಾಕಿ, ತೆಗೆದು, ಮೂತಿ ತಿರುಗಿಸಿ, ಏನೂ ಕೊಳ್ಳದೆ ಎದ್ದು ಹೋಗಬಹುದಿತ್ತು. ನಾವು ದೂರ ನಿಂತು ಬೆರಳು ತೋರಿಸಬೇಕಿತ್ತು. ನಮ್ಮ ತಲೆಯ ಎಣ್ಣೆ ತಾಗಿದರೆ ಟೋಪಿ ಕೆಡುತ್ತದಂತೆ. ಅದೇ ಬಿಳಿ ಹೆಂಗಸರ ಮಕ್ಕಳಿಗೆ ಸ್ನಾನ ಮಾಡಿಸಿ, ಹೇನು ಹೆಕ್ಕಿ, ಎದೆಗಾನಿಸಿಕೊಂಡು ಮಲಗಿಸುತ್ತಿದ್ದವರು ನಾವು. ಮಕ್ಕಳು ಮಾತ್ರ ಕೆಡುತ್ತಿರಲಿಲ್ಲ.

ಅದಕ್ಕೇ ನಮ್ಮೂರಿನ ಕರಿಯ ಹೆಂಗಸರ ಚೀಲದಲ್ಲಿ ಒಂದು ದಾರ ಇರುತ್ತಿತ್ತು. ತಲೆಯ ಸುತ್ತಳತೆಗೆ ಸರಿಯಾಗಿ ಒಂದು ಗಂಟು. ಟೋಪಿ ಮಾರುವ ಮಿಸ್ ಟಿಡ್ಮೋರ್ ಆ ದಾರವನ್ನು ಎರಡು ಬೆರಳಲ್ಲಿ ಎತ್ತಿ, ಟೋಪಿಯೊಳಗೆ ಸುತ್ತಿ ನೋಡಿ, "ಸರಿ ಇದೆ" ಅನ್ನುತ್ತಿದ್ದಳು. ಎಂದೂ ಸರಿ ಇರುತ್ತಿರಲಿಲ್ಲ. ತಲೆಗೆ ಉಬ್ಬು ತಗ್ಗು ಇದೆ, ಕೂದಲಿದೆ. ದಾರಕ್ಕೆ ಅದೆಲ್ಲ ಹೇಗೆ ಗೊತ್ತಾಗಬೇಕು?

ನನ್ನ ಚಿಕ್ಕಮ್ಮ ಜಿಪೋರಾಳ ಹಣೆಯ ಮೇಲೆ ಒಂದು ಗೆರೆ ಇತ್ತು. ಈ ಕಿವಿಯಿಂದ ಆ ಕಿವಿಯವರೆಗೆ ಎದ್ದುನಿಂತ ಗೆರೆ. ವರ್ಷಗಟ್ಟಲೆ ಭಾನುವಾರದ ಟೋಪಿಗಳು ಕಚ್ಚಿ ಕಚ್ಚಿ ಆದದ್ದು. ಚರ್ಚಿನಿಂದ ಬಂದವಳೇ ಟೋಪಿ ಕಿತ್ತೆಸೆದು, ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಬೀಳುತ್ತಿದ್ದಳು. "ಅಯ್ಯೋ ನನ್ನ ತಲೆ, ಅಯ್ಯೋ ನನ್ನ ತಲೆ." ಟೋಪಿ ಇಲ್ಲದೆ ಹೋಗಬಹುದಿತ್ತಲ್ಲ ಅನ್ನಬೇಡಿ. ನಮ್ಮಲ್ಲಿ ಟೋಪಿ ಇಲ್ಲದೆ ಚರ್ಚಿಗೆ ಹೋಗುವುದು ಒಂದೇ, ಲಂಗ ಇಲ್ಲದೆ ಹೋಗುವುದು ಒಂದೇ.

ಚಿಕ್ಕಮ್ಮ ಕೆಲಸ ಮಾಡುತ್ತಿದ್ದದ್ದು ಅದೇ ಹ್ಯಾಸ್ಕ್ಯೂ ಅಂಗಡಿಯಲ್ಲಿ. ಒಂದು ಕಡೆ ಟೋಪಿ, ಕೊಡೆ, ಉಡುಪು. ಎದುರು ಬದಿಗೆ ಎತ್ತರದ ಸ್ಟೂಲುಗಳ ತಿಂಡಿ ಕೌಂಟರ್. ಅದರ ಹಿಂದೆ ಅಡುಗೆಮನೆ. ಅವಳು ಹಿಂಬಾಗಿಲಿನಿಂದ ಒಳಗೆ ಬಂದು, ಹಿಂಬಾಗಿಲಿನಿಂದ ಹೊರಗೆ ಹೋಗುತ್ತಿದ್ದಳು. ಅವಳ ನಿಂಬೆಹಣ್ಣಿನ ಪೈ ತಿನ್ನಲು ಪಕ್ಕದೂರಿನಿಂದ ಕಾರುಗಳು ಬರುತ್ತಿದ್ದವು. ಅಲಬಾಮದ ಜುಲೈ ಬಿಸಿಲು ಹೊರಗೆ, ಒಲೆ ಒಳಗೆ. ಮೊಣಕೈವರೆಗೆ ಸುಟ್ಟ ಕಲೆಗಳು. ಊಟ ಮಾಡುವುದು ಕಸದ ಡ್ರಮ್ಮಿನ ಪಕ್ಕ ನಿಂತುಕೊಂಡು. ಆ ಕೌಂಟರಿನ ಸ್ಟೂಲಿನ ಮೇಲೆ ಅವಳು ಒಂದು ದಿನವೂ ಕೂತಿರಲಿಲ್ಲ.

ಆದರೆ ಅಡುಗೆಮನೆಯಿಂದ ತಟ್ಟೆ ದಾಟಿಸುವ ಕಿಂಡಿ ಇತ್ತು. ಆ ಕಿಂಡಿಗೆ ನೇರವಾಗಿ ಟೋಪಿಗಳ ಕಪಾಟು. ಈಸ್ಟರ್ ಹೊತ್ತಿಗೆ ಅಲ್ಲೊಂದು ಬಿಳಿ ಟೋಪಿ ಬಂತು. ಎಡಕ್ಕೆ ಒಂದೇ ಒಂದು ಚುಕ್ಕೆ ಚುಕ್ಕೆ ಗರಿ. ಚಿಕ್ಕಮ್ಮ ದಿನವಿಡೀ ಹಿಟ್ಟು ನಾದುತ್ತಾ ಅದನ್ನೇ ನೋಡುತ್ತಿದ್ದಳು. ಜುಲೈ ತಿಂಗಳ ಒಂದು ಭಾನುವಾರ ಅವಳನ್ನು ನಮ್ಮ ಮೌಂಟ್ ನೀಬೋ ಚರ್ಚಿನಲ್ಲಿ 'ಸಭೆಯ ತಾಯಿ' ಎಂದು ಮುಂದಿನ ಸಾಲಿನಲ್ಲಿ ಕೂರಿಸುವುದಿತ್ತು. ಬಿಳಿ ಉಡುಪು, ಬಿಳಿ ಟೋಪಿ. ಅದಕ್ಕಿಂತ ದೊಡ್ಡ ಮರ್ಯಾದೆ ನಮ್ಮ ಹೆಂಗಸರಿಗೆ ಇಲ್ಲ.

"ಆ ಟೋಪಿ ಬೇಕು ಕಣೇ ವರ್ಲೀನ್," ಅಂದಳು ನನಗೆ. "ಆದ್ರೆ ಈ ಸಲ ದಾರ ಕೊಡಾಕಿಲ್ಲ. ತಲೆ ಕೊಡ್ತೀನಿ. ಕನ್ನಡಿ ಮುಂದೆ ಕೂತು ಹಾಕ್ಕೊಂಡು ನೋಡ್ತೀನಿ. ಹಿಡಿಸಿದ್ರೆ ತಗೋತೀನಿ. ಹಿಡಿಸ್ಲಿಲ್ಲ ಅಂದ್ರೆ ಅಲ್ಲೇ ಇಟ್ಟು ಬರ್ತೀನಿ."

"ಇಟ್ಟು ಬರ್ತೀಯಾ?"

"ಇಟ್ಟು ಬರ್ತೀನಿ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

1964ರ ಆ ಜುಲೈ ತಿಂಗಳು ಊರೆಲ್ಲ ಅಮಲೇರಿದಂತೆ ಇತ್ತು. ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷರು ಹೊಸ ಕಾನೂನಿಗೆ ಸಹಿ ಹಾಕಿದ್ದರು. ಬಣ್ಣ ನೋಡಿ ಬಾಗಿಲು ಹಾಕುವಂತಿಲ್ಲ ಅನ್ನುವ ಕಾನೂನು. ಅದಕ್ಕಾಗಿ ನಾವು ಜೈಲು ಕಂಡಿದ್ದೆವು, ಪೊಲೀಸರು ಛೂ ಬಿಟ್ಟ ನಾಯಿ ಕಂಡಿದ್ದೆವು, ಮೈಮೇಲೆ ಹಾಯಿಸಿದ ನೀರಿನ ಪೈಪು ಕಂಡಿದ್ದೆವು. ನಮ್ಮ ಬೀದಿಯ ಎರಡು ಮನೆ ಸುಟ್ಟುಹೋಗಿದ್ದವು. ಈಗ ಜನ ಸಿನಿಮಾ ಮಂದಿರದಲ್ಲಿ ನಮಗೆಂದೇ ಇಟ್ಟಿದ್ದ ಮೇಲಿನ ಕೋಳಿಗೂಡು ಬಿಟ್ಟು ಕೆಳಗೆ ಕೂತು, ಚಿತ್ರ ನೋಡದೆ ಕುರ್ಚಿ ಸವರಿ ನೋಡಿ ಬರುತ್ತಿದ್ದರು.

ಬುಧವಾರದ ಪ್ರಾರ್ಥನೆಗೆ ಬರ್ಮಿಂಗ್‌ಹ್ಯಾಮಿನಿಂದ ಒಬ್ಬ ವಕೀಲ ಬಂದ. ನಮ್ಮವನೇ, ಪೆಟಿಗ್ರೂ ಅಂತ. ಕಾನೂನು ಏನು ಹೇಳುತ್ತದೆ ಅಂತ ಬಿಡಿಸಿ ಹೇಳಿದ. ಹೋಟೆಲು, ಊಟದ ಜಾಗ, ಸಿನಿಮಾ. ಮುಗಿಸುವ ಮೊದಲೇ ಚಿಕ್ಕಮ್ಮ ಎದ್ದು ನಿಂತಳು.

"ವಕೀಲ್ರೇ, ಅದ್ರಲ್ಲಿ ಟೋಪಿ ಐತಾ?"

"ಏನಂದ್ರಿ ತಾಯಿ?"

"ಟೋಪಿ. ತಲೆಗೆ ಹಾಕ್ಕೊಳ್ಳೋದು."

ವಕೀಲ ತಲೆ ಕೆರೆದುಕೊಂಡ. "ಬರೀ ಬಟ್ಟೆಬರೆ ಮಾರೋ ಅಂಗಡಿ ಬಗ್ಗೆ ಇದ್ರಲ್ಲಿ ಏನೂ ಹೇಳಿಲ್ಲ ತಾಯಿ."

ಚಿಕ್ಕಮ್ಮ ಕೂತುಬಿಟ್ಟಳು. ನನ್ನ ಪಕ್ಕದಲ್ಲಿದ್ದ ಓಲಾ ಮೇ ಸುಮ್ಮನಿರುವ ಹೆಂಗಸಲ್ಲ. ಅವಳ ಗಂಟಲು ಕೇಳಿದರೆ ಕುದುರೆ ಬೆದರುತ್ತದೆ. "ಅಂದ್ರೆ ಹೊಟ್ಟೆಗೆ ಮಾತ್ರ ಸ್ವಾತಂತ್ರ್ಯ ಬಂತು, ತಲೆಗೆ ಬರ್ಲಿಲ್ಲ ಅನ್ನಿ!" ಅಂದಳು. ಎಲ್ಲರೂ ನಕ್ಕರು.

"ತಾಳಿ, ತಾಳಿ," ಅಂದ ವಕೀಲ. "ಆ ಅಂಗಡಿಯೊಳಗೆ ಎಲ್ಲಾದ್ರೂ ಕೂತು ತಿನ್ನೋ ಜಾಗ ಇದೆಯಾ?"

ಇಡೀ ಚರ್ಚು ತಿರುಗಿ ಚಿಕ್ಕಮ್ಮನನ್ನು ನೋಡಿತು. ಅವಳು ತನ್ನ ಸುಟ್ಟ ಕೈಗಳನ್ನು ನೋಡಿಕೊಂಡಳು.

"ಐತೆ," ಅಂದಳು.

"ಹಾಗಾದ್ರೆ ಮುಗೀತು. ಅಂಗಡಿಯ ಹೊಟ್ಟೆಯೊಳಗೆ ತಿಂಡಿ ಕೌಂಟರ್ ಇದ್ರೆ ಇಡೀ ಅಂಗಡಿ ಕಾನೂನಿನೊಳಗೆ ಬಂತು. ಟೋಪಿನೂ ಬಂತು, ಕೊಡೆನೂ ಬಂತು."

"ಅಂದ್ರೆ ನನ್ನ ಪೈ ಇರೋವರ್ಗೂ..."

"ನಿಮ್ಮ ಪೈ ಇರೋವರ್ಗೂ ಕನ್ನಡಿ ನಿಮ್ದು ತಾಯಿ."

ಆಮೇಲೆ ಚರ್ಚಿನಲ್ಲಿ ನಡೆದದ್ದನ್ನು ಪ್ರಾರ್ಥನೆ ಅನ್ನಲಾರೆ. ಹೆಂಗಸರು ಬೆಂಚು ಗುದ್ದಿದರು. ಯಾರೋ ಬೀಸಣಿಗೆ ಮುರಿದರು. ಓಲಾ ಮೇ ನೆಲದ ಮೇಲೆ ಕೂತು ನಕ್ಕಳು, ಎಬ್ಬಿಸಲು ಮೂವರು ಬೇಕಾದರು.

"ಭಾನುವಾರಕ್ಕೆ ಇನ್ನೂ ಹೊತ್ತಿದೆ, ಯೋಚ್ನೆ ಮಾಡಿ ಹೋಗಿ," ಅಂದರು ಪಾದ್ರಿಗಳು.

"ನಾಳೇನೇ ಹೋಗೋದು," ಅಂದಳು ಚಿಕ್ಕಮ್ಮ. "ನಮ್ಮಜ್ಜಿ ಕಾಲ್ದಲ್ಲೂ ಇಂಥದ್ದೇ ಒಂದು ಕಾನೂನು ಬಂದಿತ್ತು ಅಯ್ಯನೋರೇ. ರೈಲಲ್ಲಿ ಭೇದ ಮಾಡಂಗಿಲ್ಲ ಅಂತ. ನಮ್ಮಜ್ಜಿಗೆ ಮೆತ್ತೆ ಇರೋ ಡಬ್ಬೀಲಿ ಒಂದ್ಸಲ ಕೂರ್ಬೇಕು ಅಂತ ಆಸೆ. ಒಳ್ಳೆ ಬಟ್ಟೆ ಇಲ್ಲ, ಹೊಲಿಸ್ಕೊಂಡು ಹೋಗಾನ ಅಂತ ತಡ ಮಾಡಿದ್ಲು. ಬಟ್ಟೆ ಹೊಲಿಯೋದ್ರೊಳಗೆ ದೊಡ್ಡ ಕೋರ್ಟಿನೋರು ಕಾನೂನನ್ನೇ ಹರಿದು ಬಿಸಾಕಿದ್ರು. ಆ ಬಟ್ಟೆ ಹಾಕೇ ಅಜ್ಜೀನ ಹೂಳಿದ್ದು. ಈ ಸಲ ಕಿತ್ಕೊಳ್ಳೋದ್ರೊಳಗೆ ನಾನು ಟೋಪಿ ಹಾಕ್ಕೊಂಡ್ಬಿಡ್ಬೇಕು."



ಗುರುವಾರ ಮಧ್ಯಾಹ್ನ ಮನೆಗೆಲಸದವರಿಗೆ ರಜೆ. ನಾನೂ ಓಲಾ ಮೇಯೂ ಬಿಳಿಯರ ಮನೆಗಳಲ್ಲಿ ಅಡುಗೆಯವರು. ಅಡುಗೆಯವರಿಲ್ಲದ ದಿನ ಬಿಳಿ ಹೆಂಗಸರು ಹ್ಯಾಸ್ಕ್ಯೂ ಕೌಂಟರಿಗೆ ಬಂದು ತಿನ್ನುತ್ತಿದ್ದರು. ಚಿಕ್ಕಮ್ಮನಿಗೆ ಆವತ್ತೇ ದುಪ್ಪಟ್ಟು ಕೆಲಸ, ಬೆಳಿಗ್ಗೆಯೇ ಹೋಗಿದ್ದಳು. ನಾವು ಐದಾರು ಹೆಂಗಸರು ಭಾನುವಾರದ ಬಟ್ಟೆ ತೊಟ್ಟು, ಬರಿದಲೆಯಲ್ಲಿ ಹೊರಟೆವು.

"ತಲೆಗೆ ಒಂದು ಬಾಟ್ಲಿ ಎಣ್ಣೆ ಸುರ್ಕೊಂಡು ಬರ್ತೀನಿ," ಅಂದಿದ್ದಳು ಓಲಾ ಮೇ. "ಎಣ್ಣೆ ಎಣ್ಣೆ ಅಂತಾರಲ್ಲ, ಎಣ್ಣೆ ಅಂದ್ರೆ ಏನು ಅಂತ ಗೊತ್ತಾಗ್ಲಿ!"

"ತೆಪ್ಪಗೆ ತಲೆ ತೊಳ್ಕೊಂಡು ಬಾ," ಅಂದಿದ್ದಳು ಚಿಕ್ಕಮ್ಮ. ಎಲ್ಲರೂ ಎರಡೆರಡು ಸಲ ತೊಳೆದುಕೊಂಡಿದ್ದೆವು. ಆವತ್ತು ಊರಿನಲ್ಲಿ ನಮಗಿಂತ ಚೊಕ್ಕಟ ತಲೆ ಯಾರದೂ ಇರಲಿಲ್ಲ.

ಮುಂಬಾಗಿಲು ತಳ್ಳಿ ಒಳಗೆ ಹೋದೆವು. ಹಾದಿಯುದ್ದಕ್ಕೂ ನಕ್ಕಿದ್ದೆವು. ಹೆದರಿಕೆಗೂ ನಗು ಬರುತ್ತದೆ. ಒಳಗೆ ಫ್ಯಾನಿನ ಗಾಳಿ, ಕಾಫಿಯ ವಾಸನೆ. ಊಟದ ಹೊತ್ತು ಮುಗಿದಿತ್ತು, ಕೌಂಟರಿನಲ್ಲಿ ಒಬ್ಬಳೇ ಉಳಿದಿದ್ದಳು. ತೀರಿಹೋದ ಜಡ್ಜ್ ಪ್ರೂಯಿಟನ ಹೆಂಡತಿ. ಮುದುಕಿ, ಊರಿನ ದೊಡ್ಡ ಮನೆತನದವಳು, ಕಿವಿ ಮಂದ, ಬಾಯಿ ಚುರುಕು. ಮುಂದೆ ಪೈ ತುಂಡು.

ನಾವು ನೇರವಾಗಿ ಟೋಪಿಗಳ ಕಡೆ ನಡೆದೆವು. ಮಿಸ್ ಟಿಡ್ಮೋರ್ ಕೈ ಚಾಚಿದಳು, ದಾರಕ್ಕೆ.

"ದಾರ ತಂದಿಲ್ಲ," ಅಂದಳು ಓಲಾ ಮೇ. "ತಲೇನೇ ತಂದಿದೀವಿ." ಹೇಳಿದವಳೇ ದೊಡ್ಡ ಹಳದಿ ಟೋಪಿಯೊಂದನ್ನು ಎತ್ತಿ ತಲೆಗೆ ಹಾಕಿಕೊಂಡಳು.

ಮಿಸ್ ಟಿಡ್ಮೋರಳ ಬಾಯಿಂದ ಬಂದದ್ದು ಮಾತಲ್ಲ, ಕೀರಲು. ಆ ಸದ್ದಿಗೆ ಹ್ಯಾಸ್ಕ್ಯೂ ತನ್ನ ಕೋಣೆಯಿಂದ ಓಡಿಬಂದ. ಕೆಂಪು ಕುತ್ತಿಗೆ, ಬೆವರಿದ ಅಂಗಿ.

"ಏಯ್! ಏನಿದು? ಕಾಫಿ ಬೇಕಾದ್ರೆ ಹೋಗಿ ಕುಡೀರಿ. ಕಾನೂನು ಇರೋದು ಕಾಫಿಗೆ. ಟೋಪಿಗಲ್ಲ!"

"ಅಂಗಡಿ ಹೊಟ್ಟೇಲಿ ಕಾಫಿ ಐತಲ್ಲ ಸಾಹೇಬ್ರೇ," ಅಂದೆ ನಾನು. ನನ್ನ ದನಿ ನನಗೇ ಬೇರೆಯವರ ದನಿಯ ಹಾಗೆ ಕೇಳಿಸಿತು. "ಅದಕ್ಕೇ ಅಂಗಡಿ ಪೂರ್ತಿ ಕಾನೂನಿನೊಳಗೆ ಬರ್ತದಂತೆ. ಬೇಕಾದ್ರೆ ನಿಮ್ಮ ವಕೀಲ್ರನ್ನ ಕೇಳಿ."

ಅವನು ಫೋನ್ ಎತ್ತಿದ. ನಾವು ಕಾದೆವು. ಓಲಾ ಮೇ ಹಳದಿ ಟೋಪಿಯನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಓರೆ ಮಾಡಿಕೊಂಡಳು.

"ಏನು? ಪೂರ್ತಿ ಅಂಗಡೀನಾ?" ಫೋನಿಗೆ ಹೇಳುತ್ತಿದ್ದ ಹ್ಯಾಸ್ಕ್ಯೂ. "ಕೊಡೆ ಕೂಡಾನಾ? ಕಾಲುಚೀಲ ಕೂಡಾನಾ?" ಆಮೇಲೆ ತುಂಬಾ ಹೊತ್ತು ಕೇಳಿಸಿಕೊಂಡ. ಫೋನ್ ಕುಕ್ಕಿದ. ಮುಖ ಅರಳಿತು. ಏನೋ ಹೊಳೆದಿತ್ತು.

"ಕೌಂಟರ್ ಮುಚ್ಚಿ! ಈಗಿಂದೀಗ್ಲೇ! ಇನ್ನು ಈ ಅಂಗಡೀಲಿ ತಿಂಡಿ ಇಲ್ಲ. ತಿಂಡಿ ಇಲ್ಲ ಅಂದ್ರೆ ಕಾನೂನೂ ಇಲ್ಲ!"

 ಹಾಗೆ ಒಂದು ಕೂಗಿಗೆ ಕಾನೂನು ಸಾಯುತ್ತದೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ. ಆವತ್ತು ಅವನು ಸಾಯುತ್ತದೆ ಅಂತ ನಂಬಿದ. ನಾವೂ ನಂಬಿದೆವು. ಕಿಂಡಿಯಲ್ಲಿ ಚಿಕ್ಕಮ್ಮನ ಮುಖ ಕಾಣಿಸಿತು. ಅವಳ ಅಜ್ಜಿಯ ರೈಲು ಮತ್ತೊಮ್ಮೆ ಹೊರಟುಹೋಗುತ್ತಿತ್ತು.

ಹ್ಯಾಸ್ಕ್ಯೂ ಕೌಂಟರಿಗೆ ಹೋಗಿ ತಟ್ಟೆಗೆ ಕೈ ಹಾಕಿದ. ಮುದುಕಿ ಫೋರ್ಕಿನಿಂದ ಅವನ ಕೈ ಚುಚ್ಚಿದಳು.

"ನಾನು ತಿಂತಾ ಇದೀನಿ ಕ್ಲೈಡ್."

"ಮುಚ್ತಾ ಇದೀವಿ ಮಿಸೆಸ್ ಪ್ರೂಯಿಟ್."

"ಮುಚ್ಕೋ. ನಾನು ಮುಗಿಸಿದ ಮೇಲೆ. ನಿಮ್ಮಪ್ಪ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗಿಂದ ನಾನು ನೋಡಿದೀನಿ. ನಮ್ಮ ಜಡ್ಜ್ ಇದ್ದಿದ್ರೆ ನನ್ನ ತಟ್ಟೆ ಮುಟ್ತಿದ್ದೆಯಾ ನೀನು?"

ಅವನು ಕೈ ಹಿಂದಕ್ಕೆಳೆದ. ಬಿಳಿಯರಲ್ಲೂ ಮೇಲು ಕೀಳು ಇದೆಯಲ್ಲ. ಆವತ್ತು ಅದು ನಮಗೆ ಬೇಕಾಗಿ ಬಂತು.

"ಅಲ್ಲೇನು ಗಲಾಟೆ?" ಅಂದಳು ಮುದುಕಿ.

"ಆ ಹೆಂಗಸ್ರು... ಟೋಪಿ ಹಾಕ್ಕೊಂಡು ನೋಡ್ತಾರಂತೆ."

"ಥೂ. ಕಾಲ ಕೆಟ್ಟೋಯ್ತು." ಮುದುಕಿ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕಿಂಡಿಯಲ್ಲಿದ್ದ ಚಿಕ್ಕಮ್ಮನ ಕಡೆ ತಟ್ಟೆ ದೂಡಿದಳು. "ಜಿಪ್ಪೀ, ಇನ್ನೊಂದು ತುಂಡು ಹಾಕೇ."

ಕಿಂಡಿಯಿಂದ ಒಂದು ತುಂಡು ಪೈ ಬಂತು. ಅಂಥ ದೊಡ್ಡ ತುಂಡು ಆ ಕಿಂಡಿಯಲ್ಲಿ ಎಂದೂ ಬಂದಿರಲಿಲ್ಲ.

ಅಷ್ಟೇ. ಮುದುಕಿ ತಿನ್ನುವವರೆಗೂ ಕಾನೂನು ಬದುಕಿದೆ! ನಾವು ಕಪಾಟಿಗೆ ನುಗ್ಗಿದೆವು. ನೀಲಿ, ಹಸಿರು, ಹೂವಿನದು, ಬಲೆ ಇಳಿಬಿಟ್ಟದ್ದು. ಹಾಕು, ಕನ್ನಡಿ ನೋಡು, ತೆಗೆ, ಇಡು, ಇನ್ನೊಂದು. ನಾನು ಹಾಕಿದ್ದನ್ನು ಓಲಾ ಮೇ ಹಾಕಿದಳು, ಅವಳು ಹಾಕಿದ್ದನ್ನು ಉಳಿದವರು ಹಾಕಿದರು. ಒಬ್ಬಳು ಒಂದರ ಮೇಲೊಂದು ಮೂರು ಹಾಕಿಕೊಂಡು ರಾಣಿಯ ಹಾಗೆ ನಡೆದಳು. ನನ್ನ ತಲೆಗೆ ಇಷ್ಟೊಂದು ಬಣ್ಣ ಒಪ್ಪುತ್ತದೆ ಅಂತ ಯಾರಿಗೆ ಗೊತ್ತಿತ್ತು? ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡಿತು.

"ಅದು ನಿಮ್ದು! ಇದೂ ನಿಮ್ದು! ಅದೂ ತಗೋಬೇಕು!" ಮಿಸ್ ಟಿಡ್ಮೋರ್ ಒಂದೊಂದನ್ನೇ ಕಿತ್ತುಕೊಂಡು ರಾಶಿ ಹಾಕಿದಳು. ರಾಶಿ ಅವಳ ಎದೆಯ ಎತ್ತರಕ್ಕೆ ಬೆಳೆಯಿತು. ಆಮೇಲೆ ದನಿ ಒಡೆಯಿತು, ಸುಮ್ಮನೆ ಕೂತಳು.

"ಚೆನ್ನಾಗಿ ಅಗೀರಿ ಅಮ್ಮಾವ್ರೇ!" ಓಲಾ ಮೇ ಅಲ್ಲಿಂದಲೇ ಕೂಗಿದಳು. "ಅವಸರ ಮಾಡ್ಬೇಡಿ, ನೆತ್ತಿಗೇರುತ್ತೆ!"

ಮುದುಕಿಗೆ ಕೇಳಿಸಲಿಲ್ಲ. ಅಗಿಯುತ್ತಿದ್ದಳು.

ಆದರೆ ಬಿಳಿ ಟೋಪಿಯನ್ನು ನಾವು ಯಾರೂ ಮುಟ್ಟಲಿಲ್ಲ. ಅದು ಕಪಾಟಿನ ಮೇಲೆ ಚುಕ್ಕೆ ಗರಿ ಇಟ್ಟುಕೊಂಡು ಕೂತಿತ್ತು. ಕಿಂಡಿಯ ಆಚೆ ಚಿಕ್ಕಮ್ಮ ನಿಂತಿದ್ದಳು. ಅವಳು ಹೊರಗೆ ಬಂದರೆ ಪೈ ಕೊಡುವವರಿಲ್ಲ. ಪೈ ಕೊಡುತ್ತಾ ನಿಂತರೆ ಟೋಪಿ ಇಲ್ಲ. ಮುದುಕಿಯ ತಟ್ಟೆಯಲ್ಲಿ ಉಳಿದದ್ದು ಎರಡು ತುತ್ತು. ಹ್ಯಾಸ್ಕ್ಯೂ ಆ ಎರಡು ತುತ್ತನ್ನೇ ನೋಡುತ್ತಾ ನಿಂತಿದ್ದ.

ಆಗ ಕಿಂಡಿಯಿಂದ ತುಂಡಲ್ಲ, ಇಡೀ ಪೈ ಬಂತು. ಇನ್ನೂ ಕತ್ತರಿಸಿಯೇ ಇರಲಿಲ್ಲ. ಅದರ ಹಿಂದೆಯೇ ಅಡುಗೆಮನೆಯ ಮುಂಬಾಗಿಲು ತೆರೆಯಿತು. ಗಿರಾಕಿಗಳ ಕಡೆಯ ಬಾಗಿಲು. ಚಿಕ್ಕಮ್ಮ ಏಪ್ರನ್ ಬಿಚ್ಚಿ ಕೌಂಟರಿನ ಮೇಲಿಟ್ಟಳು. ಕೈಯನ್ನು ಮೊಣಕೈವರೆಗೆ ತೊಳೆದುಕೊಂಡಿದ್ದಳು, ನೀರು ತೊಟ್ಟಿಕ್ಕುತ್ತಿತ್ತು.

"ಪೂರ್ತಿ ನಿಮಗೇ ಅಮ್ಮಾವ್ರೇ," ಅಂದಳು ಮುದುಕಿಗೆ. "ನಿಧಾನಕ್ಕೆ ತಿನ್ನಿ."

ನೇರವಾಗಿ ಬಂದಳು. ನಾವು ದಾರಿ ಬಿಟ್ಟೆವು. ಕನ್ನಡಿ ಮುಂದಿನ ಮಖಮಲ್ಲಿನ ಪೀಠದ ಮೇಲೆ ಕೂತಳು. ಎರಡೂ ಕೈಯಿಂದ ಬಿಳಿ ಟೋಪಿಯನ್ನು ಎತ್ತಿ ತಲೆಯ ಮೇಲಿಟ್ಟಳು.

ಅಳತೆ ಸರಿಯಾಗಿತ್ತು. ಎಲ್ಲೂ ಕಚ್ಚಲಿಲ್ಲ, ಎಲ್ಲೂ ಜಾರಲಿಲ್ಲ. ಹಣೆಯ ಗೆರೆಯ ಮೇಲೆ ಮೆತ್ತಗೆ ಕೂತಿತು. ಅವಳು ಕಣ್ಣು ಮುಚ್ಚಿದಳು. ನನಗೆ ಅಳು ಬಂತು. ಸುಳ್ಳು ಯಾಕೆ ಹೇಳಲಿ, ಅಲ್ಲಿ ಎಲ್ಲರಿಗೂ ಬಂತು.

ಆಮೇಲೆ ಅವಳು ಕಣ್ಣು ತೆರೆದು ಕನ್ನಡಿ ನೋಡಿದಳು. ಎಡಕ್ಕೆ ತಿರುಗಿದಳು. ಬಲಕ್ಕೆ ತಿರುಗಿದಳು. ಟೋಪಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿದಳು. ಮತ್ತೆ ನೋಡಿದಳು. ಅವಳ ಭುಜ ಅಲುಗತೊಡಗಿತು.

"ಅಯ್ಯಯ್ಯೋ ವರ್ಲೀನ್," ಅಂದಳು. "ಅಣಬೆ ಕಂಡಂಗೆ ಕಾಣ್ತೀನಲ್ಲೇ!"

ನಿಜ. ಅಣಬೆಯೇ. ಆ ಗರಿ ಅವಳ ದುಂಡು ಮುಖಕ್ಕೆ ಒಂಚೂರೂ ಹೊಂದುತ್ತಿರಲಿಲ್ಲ. ಈಸ್ಟರಿನಿಂದ ಕಿಂಡಿಯಲ್ಲಿ ನೋಡಿ ಆಸೆಪಟ್ಟ ಟೋಪಿ. ಓಲಾ ಮೇ ಮೊದಲ ಸಲ ನಗದೆ ನಿಂತಳು. ಚಿಕ್ಕಮ್ಮ ಒಬ್ಬಳೇ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು.

ಹ್ಯಾಸ್ಕ್ಯೂ ಹತ್ತಿರ ಬಂದ. ದನಿ ತಗ್ಗಿಸಿದ. ಆ ತಗ್ಗಿದ ದನಿಯೇ ಹೆಚ್ಚು ಹೆದರಿಸುವಂಥದ್ದು.

"ಜಿಪ್ಪೀ, ನೋಡು. ನೀನು ನಮ್ಮನೆಯವಳ ಥರ. ಆ ಟೋಪಿ ನಿನ್ನ ತಲೆ ಮೇಲಿದೆ. ಸುಮ್ಮನೆ ತಗೊಂಡು ಒಳಗೆ ಹೋಗು, ನಡೆದಿದ್ದನ್ನ ಮರೀತೀನಿ. ವಾಪಸ್ ಇಟ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ."

"ತಗೊಂಡ್ಬಿಡೇ ಚಿಕ್ಕಮ್ಮ," ನಾನು ಅವಳ ಕಿವಿಯಲ್ಲಿ ಅಂದೆ. "ಅಳತೆ ಸರಿಯಾಗೈತಲ್ಲ. ಭಾನುವಾರಕ್ಕೂ ಆಯ್ತು, ಕೆಲಸನೂ ಉಳೀತು."

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಎದ್ದು ನಿಂತಳು. ಟೋಪಿ ತೆಗೆದಳು. ಗರಿ ನೆಟ್ಟಗೆ ಮಾಡಿದಳು. ಎಲ್ಲಿತ್ತೋ ಅಲ್ಲೇ ಇಟ್ಟಳು.

"ಹಾಕ್ಕೊಂಡೆ. ನೋಡ್ದೆ. ಬೇಡ," ಅಂದಳು.

"ಏನಂದೆ?"

"ಬೇಡ. ನಂಗೆ ಚೆನ್ನಾಗಿ ಕಾಣಲ್ಲ."

ಹ್ಯಾಸ್ಕ್ಯೂಗೆ ಬಾಸುಂಡೆ ಬರುವಂತೆ ಹೊಡೆದಿದ್ದರೂ ಅಷ್ಟು ತಾಗುತ್ತಿರಲಿಲ್ಲವೇನೋ. ಕರಿಯ ಹೆಂಗಸೊಬ್ಬಳು ಅವನ ಅಂಗಡಿಯ ಅತ್ಯುತ್ತಮ ಮಾಲು ಚೆನ್ನಾಗಿಲ್ಲ ಅಂದಿದ್ದಳು.

"ಹೊರಗೆ ನಡಿ! ಇನ್ನು ಈ ಕಡೆ ತಲೆ ಹಾಕ್ಬೇಡ!"

"ಹೋಗ್ತೀನಿ. ಒಲೇಲಿ ಇನ್ನೂ ನಾಕು ಪೈ ಐತೆ ಸಾಹೇಬ್ರೇ. ನೀವೇ ತೆಗೀರಿ. ದಪ್ಪ ಬಟ್ಟೆ ಹಿಡ್ಕೊಳ್ಳಿ, ಇಲ್ಲಾಂದ್ರೆ ಹಿಂಗಾಗುತ್ತೆ." ತನ್ನ ಎರಡೂ ಮೊಣಕೈ ಎತ್ತಿ ತೋರಿಸಿದಳು.

ಅಷ್ಟರಲ್ಲಿ ಹೊಗೆ ಕಿಂಡಿಯಿಂದ ಹೊರಗೆ ಬರುತ್ತಿತ್ತು. ಅವನು ಒಳಗೆ ಓಡಿದ. ಏನೋ ಬಿದ್ದ ಸದ್ದು, ಅವನ ಬೈಗುಳ. ಮುದುಕಿ ಮಾತ್ರ ತಲೆ ಎತ್ತಲಿಲ್ಲ. ನಾವು ಮುಂಬಾಗಿಲಿನಿಂದ ಹೊರಗೆ ಬಂದೆವು, ಚಿಕ್ಕಮ್ಮ ಎಲ್ಲರಿಗಿಂತ ಮುಂದೆ. ಬೀದಿಯ ಮೂಲೆವರೆಗೆ ಗಂಭೀರವಾಗಿ ನಡೆದೆವು. ಮೂಲೆ ತಿರುಗಿದ್ದೇ ತಡ, ಒಬ್ಬರ ಮೇಲೊಬ್ಬರು ಬಿದ್ದು ನಕ್ಕೆವು. "ಬೇಡ!" ಅಂದಳು ಓಲಾ ಮೇ ಟೋಪಿ ಇಡುವ ಹಾಗೆ ಕೈ ಮಾಡಿ. "ನಂಗೆ ಚೆನ್ನಾಗಿ ಕಾಣಲ್ಲ!" ಮನೆ ಸೇರುವವರೆಗೂ ಅದನ್ನೇ ಹೇಳಿದಳು. ಬೀದಿಯ ಮಕ್ಕಳೆಲ್ಲ ಕಲಿತುಬಿಟ್ಟವು.

ಚಿಕ್ಕಮ್ಮ ಶುಕ್ರವಾರ ಬೆಳಿಗ್ಗೆ ಅಭ್ಯಾಸಬಲದಿಂದ ಕತ್ತಲಿರುವಾಗಲೇ ಎದ್ದು, ಬಾಗಿಲವರೆಗೆ ಹೋಗಿ, ನಿಂತಳು. ವಾಪಸ್ಸು ಬಂದಳು.  ಒಂದು ಟೋಪಿ ಬೇಡ ಅಂದಿದ್ದಕ್ಕೆ ಒಬ್ಬಳ ಅನ್ನ ಕಿತ್ತರಲ್ಲ! ಬಿಳಿ ಹೆಂಗಸರು ದಿನಕ್ಕೆ ಎಷ್ಟು ಸಲ ಬೇಡ ಅನ್ನುತ್ತಾರೆ?

"ಬೇಜಾರಾ ಚಿಕ್ಕಮ್ಮ?"

"ಬೇಜಾರಿಲ್ದೆ ಇರುತ್ತಾ?" ಅಂದಳು. ಆಮೇಲೆ, "ಆದ್ರೂ ಅಣಬೆ ಕಣೇ ಅದು," ಅಂದಳು. ಮತ್ತೆ ಶುರುವಾಯಿತು ನಗು.

ಶನಿವಾರ ಹ್ಯಾಸ್ಕ್ಯೂ ಅಂಗಡಿಯ ಕಿಟಕಿಯಲ್ಲಿ ದೊಡ್ಡ ಅಕ್ಷರ: ಎಲ್ಲ ಟೋಪಿ ಅರ್ಧ ಬೆಲೆ. ನಮ್ಮ ತಲೆ ಸೋಕಿದ ಟೋಪಿಗಳನ್ನು ಅವನು ಸುಡಲಿಲ್ಲ, ಎಸೆಯಲಿಲ್ಲ. ನಷ್ಟ ಯಾರಿಗೆ ಬೇಕು? ಮಿಸ್ ಟಿಡ್ಮೋರಳ ಬಾಯಿ ಮುಚ್ಚಿಸಿ, ಬ್ರಷ್ ಹೊಡೆಸಿ, ಕಪಾಟಿಗೆ ಏರಿಸಿದ್ದ. ಮುದುಕಿ ಪ್ರೂಯಿಟ್‌ಗೆ ಪೈ ಬಿಟ್ಟು ಬೇರೇನೂ ನೆನಪಿರಲಿಲ್ಲ, ಹಾಗಾಗಿ ಸುದ್ದಿ ಊರಿಗೆ ಹರಡಲಿಲ್ಲ. ಊರಿನ ಬಿಳಿ ಹೆಂಗಸರೆಲ್ಲ ಮುಗಿಬಿದ್ದರು. ನಾನು ಕೆಲಸ ಮಾಡುವ ಮನೆಯ ಅಮ್ಮಾವ್ರು ಎರಡು ಕೊಂಡರು. ಡಬ್ಬಿ ಹೊತ್ತು ತಂದವಳು ನಾನೇ. ಕನ್ನಡಿ ಮುಂದೆ ಹಾಕಿಕೊಂಡು, "ಹೇಗಿದೆ ವರ್ಲೀನ್?" ಅಂದರು. ಓಲಾ ಮೇಯ ಹಳದಿ ಟೋಪಿ! ನಾನು ಕೆಮ್ಮು ಬಂದವಳ ಹಾಗೆ ಹಿತ್ತಲಿಗೆ ಓಡಿದೆ.

ಭಾನುವಾರ ಬಂತು. ಚಿಕ್ಕಮ್ಮನನ್ನು ಸಭೆಯ ತಾಯಿ ಮಾಡುವ ಕಾರ್ಯಕ್ರಮ ಮಧ್ಯಾಹ್ನ. ಬಿಳಿ ಉಡುಪು ಇಸ್ತ್ರಿ ಮಾಡಿ ತೊಟ್ಟಳು. ಬಿಳಿ ಕೈಗವಸು. ಓಲಾ ಮೇ ತನ್ನ ಟೋಪಿ ಹಿಡಿದು 'ಹಾಕ್ಕೋ' ಅಂದಳು. ಹಳೆಯ ಬಿಗಿ ಟೋಪಿಗಳೂ ಗೂಟದಲ್ಲಿದ್ದವು.

"ಯಾವುದೂ ಬೇಡ," ಅಂದಳು ಚಿಕ್ಕಮ್ಮ. "ತಲೆಗೆ ಗಾಳಿ ಆಡ್ಲಿ."

"ಬರಿದಲೇಲಾ? ಸಭೆ ತಾಯಿನಾ? ಜನ ಏನಂತಾರೆ?" ಅಂದಳು ಓಲಾ ಮೇ.

"ಗೆರೆ ನೋಡ್ತಾರೆ. ನೋಡ್ಲಿ."

ನಮ್ಮ ಚರ್ಚಿಗೆ ಹೋಗುವ ದಾರಿಯಲ್ಲೇ ಬಿಳಿಯರ ದೊಡ್ಡ ಚರ್ಚು. ಆಗಷ್ಟೇ ಬಿಟ್ಟಿತ್ತು. ಮೆಟ್ಟಿಲ ತುಂಬ ಹೆಂಗಸರು. ನಾನು ನಿಂತುಬಿಟ್ಟೆ. ಓಲಾ ಮೇ ನನ್ನ ಕೈ ಹಿಂಡಿದಳು. ಹಳದಿ. ನೀಲಿ. ಹಸಿರು. ಬಲೆಯದು. ಹೂವಿನದು.

"ಅದು ನಂದು," ಅಂದಳು ಓಲಾ ಮೇ ಉಸಿರಿನಲ್ಲಿ.

"ಅಲ್ಲಿ ನೋಡೇ, ಅದು ನಂದು," ಅಂದೆ ನಾನು.

"ಆ ಮೂರೂ ನಾನೇ ಬೆಚ್ಚಗೆ ಮಾಡಿದ್ದು!" ಅಂದಳು ಒಂದರ ಮೇಲೊಂದು ಹಾಕಿಕೊಂಡಿದ್ದವಳು.

ನಾವು ಕೈಗವಸು ಬಾಯಿಗೆ ತುರುಕಿಕೊಂಡೆವು.  ಒಂದು ಊರಿನ ಬಿಳಿ ಹೆಂಗಸರೆಲ್ಲ ನಮ್ಮ ತಲೆ ಸೋಕಿದ ಟೋಪಿ ಹಾಕಿಕೊಂಡು ದೇವರ ಮುಂದೆ ಕೂತು ಬಂದಿದ್ದರು! ಯಾರಿಗೂ ಏನೂ ಆಗಿರಲಿಲ್ಲ. ಬಿಸಿಲು ಎಂದಿನ ಹಾಗೇ ಇತ್ತು.

ಆಗ ಮೆಟ್ಟಿಲಿಳಿದು ಬಂದವರು ಹ್ಯಾಸ್ಕ್ಯೂ ಮತ್ತು ಅವನ ಹೆಂಡತಿ. ಅವನ ಬಲಗೈಗೆ ಬ್ಯಾಂಡೇಜು. ಅವಳ ತಲೆಯ ಮೇಲೆ ಬಿಳಿ ಟೋಪಿ, ಎಡಕ್ಕೆ ಚುಕ್ಕೆ ಗರಿ. ಅಂಗಡಿಯಲ್ಲಿ ಅತಿ ಚೆಂದದ್ದು ಅಂತ ಆರಿಸಿಕೊಂಡಿರಬೇಕು. ಬೇಡ ಅನ್ನಲು ಅವನು ಕಾರಣ ಹೇಳಬೇಕಿತ್ತಲ್ಲ. ಹೇಗೆ ಹೇಳಿಯಾನು? ನಮ್ಮನ್ನು ಕಂಡವನೇ ಹೆಂಡತಿಯ ತೋಳು ಹಿಡಿದು ಕಾರಿನ ಕಡೆಗೆ ಎಳೆದ. ಅವಳು ಕೊಸರಿಕೊಂಡು ನಿಂತಳು. ಟೋಪಿ ಅವಳ ಹಣೆಯ ಮೇಲೆ ಮುಂದಕ್ಕೆ ಜಾರಿ ಕಣ್ಣು ಮುಚ್ಚುತ್ತಿತ್ತು.

ಚಿಕ್ಕಮ್ಮ ನಮ್ಮನ್ನು ಬಿಟ್ಟು ಬೀದಿ ದಾಟಿದಳು. ಬರಿದಲೆ, ಬಿಳಿ ಉಡುಪು, ಹಣೆಯ ಮೇಲೆ ಬಿಸಿಲಿಗೆ ಹೊಳೆಯುವ ಗೆರೆ. ನನ್ನ ನಗು ನಿಂತಿತು. ಮೆಟ್ಟಿಲ ಮೇಲಿನ ಮಾತೂ ನಿಂತಿತು. ಅವಳು ಹ್ಯಾಸ್ಕ್ಯೂನ ಹೆಂಡತಿಯ ಮುಂದೆ ನಿಂತು ಟೋಪಿಯನ್ನು ಸಾವಕಾಶವಾಗಿ ನೋಡಿದಳು, ಅಂಗಡಿಯ ಕನ್ನಡಿಯಲ್ಲಿ ನೋಡಿದ ಹಾಗೇ.

"ಒಂಚೂರು ಹಿಂದಕ್ಕೆ ಸರಿಸಿಕೊಳ್ಳಿ ಅಮ್ಮಾವ್ರೇ," ಅಂದಳು, ಎಲ್ಲ ಮೆಟ್ಟಿಲಿಗೂ ಕೇಳಿಸುವ ಹಾಗೆ. "ಆ ಟೋಪಿ ಹಿಂದಕ್ಕೆ ಸರಿಸಿದ್ರೇನೇ ಚೆಂದ. ನಾನು ಹಾಕ್ಕೊಂಡು ನೋಡಿದೀನಿ."